ಒಳಸುದ್ದಿ: ನಿಜವಾದರೆ ಅಪರಾಧ, ಸುಳ್ಳಾದರೆ ಬಲೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಪದೇ ಪದೇ ಬರುತ್ತದೆ. ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: ‘ನನ್ನ ಭಾಮೈದ ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ, ಈ ಸಲ ರಿಸಲ್ಟ್ ಜೋರಾಗಿದೆ ಭಾವ, ಸ್ವಲ್ಪ ಷೇರು ತಗೊಂಡಿಡಿ ಅಂದ. ನಾನೇನು ಕೋಟ್ಯಧಿಪತಿ ಅಲ್ಲ. ನೂರು ಷೇರು ಕೊಂಡರೆ ಯಾರಿಗೆ ನಷ್ಟ?’ ಶಿವಮೊಗ್ಗದ ನಿವೃತ್ತ ನೌಕರರೊಬ್ಬರ ಚಿಂತೆ ಬೇರೆ: ‘ಟೆಲಿಗ್ರಾಂ ಗುಂಪೊಂದರಲ್ಲಿ ಕಂಪನಿಗಳ ಒಳಗಿನ ಸುದ್ದಿ ಮೊದಲೇ ಬರುತ್ತದೆ. ಎರಡು ಸಲ ನಿಜವಾಯಿತು. ಈಗ ಪಿಎಫ್ ದುಡ್ಡು ಹಾಕಬಹುದೇ?’ ಇನ್ನೊಬ್ಬರು ಸಿಟ್ಟಿನಲ್ಲೇ ಕೇಳುತ್ತಾರೆ: ‘ದೊಡ್ಡ ಕುಳಗಳೆಲ್ಲ ಇದನ್ನೇ ಮಾಡಿ ದುಡ್ಡು ಮಾಡಿಕೊಂಡಿದ್ದಾರೆ. ಕಾನೂನು ನಮ್ಮಂಥವರಿಗೆ ಮಾತ್ರವಾ?’

ಮೂವರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಮಾತು ಹೇಳಿ ಮುಂದುವರಿಯುತ್ತೇನೆ. ನಿಮ್ಮ ಕಿವಿಗೆ ಬಿದ್ದ ಒಳಸುದ್ದಿ ಎರಡರಲ್ಲಿ ಒಂದಾಗಿರುತ್ತದೆ. ನಿಜವಾಗಿದ್ದರೆ ಅದನ್ನು ಬಳಸಿ ವ್ಯವಹಾರ ಮಾಡುವುದು ಅಪರಾಧ. ಸುಳ್ಳಾಗಿದ್ದರೆ ಯಾರೋ ತಮ್ಮ ಷೇರು ಮಾರಿಕೊಳ್ಳಲು ನಿಮಗೆ ಹಾಕಿದ ಬಲೆ. ನಿಜವೂ ಆಗಿರಬೇಕು, ಕಾನೂನಿಗೂ ಸರಿಯಾಗಿರಬೇಕು, ನಮಗೆ ಲಾಭವನ್ನೂ ತರಬೇಕು ಎನ್ನುವ ಮೂರನೆಯ ಬಗೆಯ ಒಳಸುದ್ದಿಯನ್ನು ನಾನು ಇದುವರೆಗೂ ಕಂಡಿಲ್ಲ.

ಮೊದಲು ನಿಜವಾದ ಸುದ್ದಿಯ ಕಡೆಗೆ ಬರೋಣ. 1992ರವರೆಗೆ ನಮ್ಮ ದೇಶದಲ್ಲಿ ಇನ್‌ಸೈಡರ್ ಟ್ರೇಡಿಂಗ್ ಅನ್ನು ನೇರವಾಗಿ ನಿಷೇಧಿಸುವ ನಿಯಮವೇ ಇರಲಿಲ್ಲ. ಹರ್ಷದ್ ಮೆಹ್ತಾ ಹಗರಣ ಸಿಡಿದ ಆ ವರ್ಷವೇ ಷೇರುಪೇಟೆಯ ನಿಯಂತ್ರಕ ಸೆಬಿಗೆ ಶಾಸನಬದ್ಧ ಅಧಿಕಾರ ಸಿಕ್ಕಿತು, ಮೊದಲ ನಿಯಮಗಳೂ ಬಂದವು. ಈಗ ಜಾರಿಯಲ್ಲಿರುವುದು 2015ರ ನಿಯಮಾವಳಿ. ಅದರ ಪ್ರಕಾರ ‘ಒಳಗಿನವರು’ ಅಂದರೆ ನಿರ್ದೇಶಕರು, ಸಿಇಒ, ಆಡಿಟರ್ ಇಷ್ಟೇ ಜನ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಕಂಪನಿಯ ಜತೆ ನಂಟಿರುವವರು ಒಂದು ಗುಂಪು. ನಂಟೇ ಇಲ್ಲದಿದ್ದರೂ ಬಹಿರಂಗವಾಗದ, ಷೇರಿನ ಬೆಲೆಯ ಮೇಲೆ ಪರಿಣಾಮ ಬೀರುವಂಥ ಮಾಹಿತಿ ಯಾರ ಕೈಯಲ್ಲಿದೆಯೋ ಅವರು ಇನ್ನೊಂದು ಗುಂಪು. ಇಬ್ಬರೂ ಒಳಗಿನವರೇ. ಕದ್ದವನಷ್ಟೇ ಅಲ್ಲ, ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಂಡವನೂ ಸಿಕ್ಕಿಬೀಳುವ ಹಾಗೆ ಇದು.

ಎಂಥ ಮಾಹಿತಿ? ತ್ರೈಮಾಸಿಕ ಫಲಿತಾಂಶ, ಡಿವಿಡೆಂಡ್, ವಿಲೀನ, ಸ್ವಾಧೀನ, ಬಂಡವಾಳದ ಸ್ವರೂಪದಲ್ಲಿ ಬದಲಾವಣೆ, ಉನ್ನತ ಅಧಿಕಾರಿಗಳ ನಿರ್ಗಮನ ಮುಂತಾದವು ಮೊದಲಿನಿಂದಲೂ ಪಟ್ಟಿಯಲ್ಲಿವೆ. 2025ರ ತಿದ್ದುಪಡಿಯ ನಂತರ ಕ್ರೆಡಿಟ್ ರೇಟಿಂಗ್ ಬದಲಾವಣೆ, ನಿಧಿ ಸಂಗ್ರಹ, ಮಾಮೂಲಿ ವ್ಯವಹಾರದ ಆಚೆಗಿನ ದೊಡ್ಡ ಗುತ್ತಿಗೆ, ಕಂಪನಿಯೊಳಗಿನ ವಂಚನೆ ಇಂಥವೂ ಸೇರಿ ಪಟ್ಟಿ ಉದ್ದವಾಗಿದೆ. ಹಾಗೆಂದು ತಲೆ ಓಡಿಸಿ ಲಾಭ ಮಾಡುವುದು ತಪ್ಪಲ್ಲ. ಪೀಣ್ಯದ ಕಾರ್ಖಾನೆಯೊಂದರ ಗೇಟಿನೆದುರು ನಿಂತು, ದಿನಕ್ಕೆ ಎಷ್ಟು ಲಾರಿ ಹೊರಬೀಳುತ್ತವೆಂದು ಎಣಿಸಿ, ಮಾರಾಟ ಹೆಚ್ಚಿದೆಯೆಂದು ಲೆಕ್ಕ ಹಾಕಿ ಷೇರು ಕೊಂಡರೆ ಯಾರೂ ನಿಮ್ಮನ್ನು ಏನೂ ಮಾಡುವಂತಿಲ್ಲ. ಆ ಗೇಟು ಎಲ್ಲರಿಗೂ ಕಾಣುತ್ತದೆ. ಒಳಗಿನ ಲೆಜರ್ ನೋಡಿದವನು ಅದೇ ಅಂಕಿಯನ್ನು ನಿಮ್ಮ ಕಿವಿಯಲ್ಲಿ ಉಸುರಿದರೆ ಮಾತ್ರ ಕಥೆ ಬೇರೆ.

ದಾವಣಗೆರೆಯ ಭಾವ-ಭಾಮೈದರ ವಿಷಯ ಇಲ್ಲಿಗೆ ಬರುತ್ತದೆ. ಒಳಸುದ್ದಿ ಹೇಳುವುದೂ ತಪ್ಪು, ಕೇಳಿ ಪಡೆಯುವುದೂ ತಪ್ಪು, ಅದು ಕೈಯಲ್ಲಿದ್ದಾಗ ವ್ಯವಹರಿಸುವುದೂ ತಪ್ಪು. ಹೇಳಿದವನು ಒಂದು ಷೇರನ್ನೂ ಮುಟ್ಟದಿದ್ದರೂ ಅವನು ಪಾರಾಗುವುದಿಲ್ಲ. ಇದಕ್ಕೆ 2024ರ ಡಿಸೆಂಬರಿನಲ್ಲಿ ಇನ್ನೊಂದು ಗಂಟು ಬಿತ್ತು. ಕಂಪನಿಯ ಜತೆ ನಂಟಿರುವವರ ‘ಸಂಬಂಧಿಕರು’ ಯಾರು ಎಂಬ ವ್ಯಾಖ್ಯೆಯನ್ನು ಸೆಬಿ ಹಿಗ್ಗಿಸಿತು. ಗಂಡ-ಹೆಂಡತಿ, ಅಣ್ಣತಮ್ಮ ಅಕ್ಕತಂಗಿಯರು, ಅವರ ಸಂಗಾತಿಗಳು, ಹೆಂಡತಿ ಅಥವಾ ಗಂಡನ ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಎಲ್ಲರೂ ಈಗ ಅದರೊಳಗೆ. ಅಂದರೆ ಭಾವನೂ ಬಂದ, ಭಾಮೈದನೂ ಬಂದ. ಹೀಗೆ ನಂಟಿರುವವರೆಂದು ಗುರುತಾದವರ ಮೇಲೆ ಆರೋಪ ಬಂದರೆ, ‘ನನ್ನ ಬಳಿ ಮಾಹಿತಿ ಇರಲಿಲ್ಲ’ ಎಂದು ಸಾಬೀತು ಮಾಡುವ ಹೊಣೆ ಅವರದೇ. ನಂಟಿಲ್ಲದ ಹೊರಗಿನವರ ವಿಷಯದಲ್ಲಿ ಮಾತ್ರ ಆ ಹೊಣೆ ಸೆಬಿಯದು. ಕಾನೂನಿನಲ್ಲಿ ಬರೆದಿರುವ ಕನಿಷ್ಠ ದಂಡ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಕ್ರಿಮಿನಲ್ ಮೊಕದ್ದಮೆ ಹೂಡಿದರೆ 10 ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ನೂರು ಷೇರಿನಲ್ಲಿ ಐದಾರು ಸಾವಿರ ಉಳಿಸಲು ಹೋಗಿ ಎಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳುತ್ತೀರಿ, ನೀವೇ ಲೆಕ್ಕ ಹಾಕಿ.

ಬೆಂಗಳೂರಿನಲ್ಲಿ ಇದು ಬರೀ ಶ್ರೀಮಂತರ ಕಾನೂನಲ್ಲ, ಸಾವಿರಾರು ಮಧ್ಯಮವರ್ಗದ ಮನೆಗಳ ಕಾನೂನು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಮುಗಿಯುತ್ತಿದ್ದಂತೆ ಒಂದು ಇ–ಮೇಲ್ ಬರುತ್ತದೆ: ಟ್ರೇಡಿಂಗ್ ವಿಂಡೋ ಮುಚ್ಚಿದೆ. ಕಂಪನಿ ಗುರುತಿಸಿದ ನೌಕರರು ಮತ್ತು ಅವರ ಹತ್ತಿರದ ಕುಟುಂಬದವರು, ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ, ಆ ಕಂಪನಿಯ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ವಿಂಡೋ ತೆರೆದಿದ್ದಾಗಲೂ ಒಂದು ಮಿತಿ ದಾಟಿದ ವ್ಯವಹಾರಕ್ಕೆ ಕಂಪನಿಯ ಪೂರ್ವಾನುಮತಿ ಬೇಕು. ಇವತ್ತು ಕೊಂಡದ್ದನ್ನು ಆರು ತಿಂಗಳೊಳಗೆ ಮಾರುವಂತಿಲ್ಲ. ನಮ್ಮ ನೆಂಟರ ಮನೆಯ ಸೊಸೆಯೊಬ್ಬಳು ಇದರ ಬಗ್ಗೆ ಗೊಣಗುತ್ತಿದ್ದಳು: ‘ನನ್ನ ಡಿಮ್ಯಾಟ್ ಖಾತೆ, ನನ್ನ ಸಂಬಳದ ದುಡ್ಡು. ನಾನು ಷೇರು ಮಾರೋಕೆ ಇವರ ಆಫೀಸಿನವರ ಪರ್ಮಿಷನ್ ಯಾಕೆ ಬೇಕು ಅಂಕಲ್?’ ಆಕೆಯ ಪ್ಯಾನ್ ನಂಬರು ಗಂಡನ ಕಂಪನಿಯ ಕಡತದಲ್ಲಿತ್ತು. ಆಕೆಯ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದೇ ಊಟದ ಮೇಜಿನಲ್ಲಿ ಕೂರುವ ಇಬ್ಬರ ನಡುವೆ ಮಾಹಿತಿಗೆ ಗೋಡೆ ಕಟ್ಟಲು ಬೇರೆ ದಾರಿಯನ್ನು ಯಾವ ದೇಶವೂ ಕಂಡುಹಿಡಿದಿಲ್ಲ.

ಇದರ ಜತೆಗೆ ಕಂಪನಿಗಳು ಒಂದು ಡಿಜಿಟಲ್ ದಾಖಲೆ ಇಡಬೇಕು. ಯಾವ ಗುಟ್ಟು, ಯಾರಿಗೆ, ಯಾವಾಗ ತಿಳಿಸಲಾಯಿತು ಎಂಬುದನ್ನೆಲ್ಲ ಹೆಸರು, ಪ್ಯಾನ್ ಸಮೇತ, ಆಮೇಲೆ ತಿದ್ದಲು ಬಾರದ ಹಾಗೆ ಬರೆದಿಡಬೇಕು. ಕನಿಷ್ಠ ಎಂಟು ವರ್ಷ ಕಾಪಾಡಬೇಕು. ಕಾಗದದ ಮೇಲಿನ ಔಪಚಾರಿಕತೆ ಎಂದುಕೊಂಡರೆ ಕೆಟ್ಟಿರಿ. ಇನ್ಫೊಸಿಸ್ 2020ರ ಜುಲೈನಲ್ಲಿ ಅಮೆರಿಕದ ವ್ಯಾನ್‌ಗಾರ್ಡ್ ಜತೆಗಿನ ಒಪ್ಪಂದ ಪ್ರಕಟಿಸಿತು. ಆ ಒಪ್ಪಂದವನ್ನು ಬೆಲೆಸೂಕ್ಷ್ಮ ಮಾಹಿತಿಯೆಂದು ಪರಿಗಣಿಸಲಿಲ್ಲ, ಒಳ ನಿಯಂತ್ರಣ ವ್ಯವಸ್ಥೆ ಸಾಲದಾಯಿತು ಎಂಬ ವಿಚಾರದಲ್ಲಿ ಸಂಸ್ಥೆಯ ಸಿಇಒ 2024ರಲ್ಲಿ 25 ಲಕ್ಷ ರೂಪಾಯಿ ಕಟ್ಟಿ, ಆರೋಪವನ್ನು ಒಪ್ಪದೆಯೂ ನಿರಾಕರಿಸದೆಯೂ, ಸೆಬಿಯೊಂದಿಗೆ ಪ್ರಕರಣ ಇತ್ಯರ್ಥ ಮಾಡಿಕೊಂಡರು. ಅವರು ಷೇರು ವ್ಯವಹಾರ ಮಾಡಿದರೆಂಬುದು ಅಲ್ಲಿನ ಆರೋಪವಾಗಿರಲಿಲ್ಲ. ಬೇಲಿ ಸರಿಯಾಗಿ ಹಾಕಲಿಲ್ಲ ಎಂಬುದಷ್ಟೇ ಆಗಿತ್ತು.

‘ಯಾರಿಗೆ ನಷ್ಟ?’ ಎಂಬ ಪ್ರಶ್ನೆ ಉಳಿಯಿತು. ಷೇರು ಕೊಳ್ಳುವ ಪ್ರತಿಯೊಬ್ಬನ ಎದುರಿಗೂ ಮಾರುವವನೊಬ್ಬ ಇರುತ್ತಾನೆ, ಅವನ ಮುಖ ನಮಗೆ ಕಾಣುವುದಿಲ್ಲ ಅಷ್ಟೆ. ಆ ಮುಖ ಕಂಡ ಅಪರೂಪದ ಪ್ರಕರಣ ಹಿಂದುಸ್ತಾನ್ ಲಿವರ್‌ನದು. ಹಿಂದುಸ್ತಾನ್ ಲಿವರ್ ಮತ್ತು ಬ್ರೂಕ್ ಬಾಂಡ್ ಲಿಪ್ಟನ್ ಎರಡೂ ಯೂನಿಲಿವರ್‌ನ ಮಕ್ಕಳು. 1996ರ ಮಾರ್ಚ್‌ನಲ್ಲಿ ಹಿಂದುಸ್ತಾನ್ ಲಿವರ್, ಯುಟಿಐ ಬಳಿಯಿದ್ದ ಬ್ರೂಕ್ ಬಾಂಡ್ ಲಿಪ್ಟನ್‌ನ 8 ಲಕ್ಷ ಷೇರುಗಳನ್ನು ಅಂದಿನ ಮಾರುಕಟ್ಟೆ ಬೆಲೆಗಿಂತ ಸುಮಾರು ಶೇ 10ರಷ್ಟು ಹೆಚ್ಚು ಕೊಟ್ಟು ಕೊಂಡಿತು. ಒಳ್ಳೆಯ ಬೆಲೆ ಬಂತೆಂದು ಯುಟಿಐ ಮಾರಿತು. ಕೆಲವೇ ವಾರಗಳಲ್ಲಿ, ಏಪ್ರಿಲ್‌ನಲ್ಲಿ, ಎರಡೂ ಕಂಪನಿಗಳು ವಿಲೀನವಾಗುವ ಘೋಷಣೆ ಹೊರಬಿತ್ತು, ಬೆಲೆ ಮೇಲಕ್ಕೇರಿತು. ಯುಟಿಐ ಎಂದರೆ ಯಾರು? ಆ ಕಾಲದಲ್ಲಿ ನಮ್ಮ ನಿಮ್ಮ ಮನೆಗಳ ಮೇಷ್ಟ್ರು, ಗುಮಾಸ್ತರು, ಪಿಂಚಣಿದಾರರು ಯೂನಿಟ್ ಕೊಂಡು ಉಳಿತಾಯ ಇಟ್ಟಿದ್ದ ಸಂಸ್ಥೆ. ವಿಲೀನದ ಸುದ್ದಿ ಗೊತ್ತಿದ್ದವರು ಗೊತ್ತಿಲ್ಲದವರಿಂದ ಕೊಂಡರು. ನಡುವಿನ ವ್ಯತ್ಯಾಸ ಆ ಯೂನಿಟ್‌ದಾರರ ಜೇಬಿನಿಂದ ಹೋಯಿತು. ಇದು ಇನ್‌ಸೈಡರ್ ಟ್ರೇಡಿಂಗ್ ಎಂದು ಸೆಬಿ 1998ರಲ್ಲಿ ಆದೇಶ ಹೊರಡಿಸಿ, ಯುಟಿಐಗೆ 3 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಲು ಹೊರಟಿತು. ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋಯಿತು. ವಿಲೀನದ ಊಹೆ ಪತ್ರಿಕೆಗಳಲ್ಲಿ ಮೊದಲೇ ಬಂದಿತ್ತು, ಹಾಗಾಗಿ ಅದು ಎಲ್ಲರಿಗೂ ತಿಳಿದದ್ದೇ ಎಂಬುದು ಮೇಲ್ಮನವಿ ಪ್ರಾಧಿಕಾರದ ವಾದವಾಗಿತ್ತು. ಪತ್ರಕರ್ತರ ಊಹೆಗೂ ನಿರ್ದೇಶಕ ಮಂಡಳಿಯೊಳಗಿನ ನಿಶ್ಚಯಕ್ಕೂ ವ್ಯತ್ಯಾಸವಿಲ್ಲವೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಲಾಭ ಮಾಡಿದರೆ ಮಾತ್ರ ತಪ್ಪು ಎಂಬುದೂ ಒಂದು ಭ್ರಮೆ. ಕೆಟ್ಟ ಸುದ್ದಿ ಮೊದಲೇ ತಿಳಿದು ಷೇರು ಮಾರಿ ನಷ್ಟ ತಪ್ಪಿಸಿಕೊಳ್ಳುವುದೂ ಅಷ್ಟೇ ತಪ್ಪು. 2025ರ ಮಾರ್ಚ್ 10ರಂದು ಇಂಡಸ್‌ಇಂಡ್ ಬ್ಯಾಂಕ್ ತನ್ನ ಡೆರಿವೇಟಿವ್ ಲೆಕ್ಕದಲ್ಲಿ ವ್ಯತ್ಯಾಸವಾಗಿದೆ ಎಂದು ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ ಷೇರು ಸುಮಾರು ಶೇ 27ರಷ್ಟು ಕುಸಿಯಿತು. ಈ ವಿಷಯ ಗೊತ್ತಿದ್ದೂ ಬ್ಯಾಂಕಿನ ಐವರು ಉನ್ನತ ಅಧಿಕಾರಿಗಳು ಅದಕ್ಕೂ ಮೊದಲೇ ಷೇರು ಮಾರಿದ್ದರು ಎಂದು ಮೇ ತಿಂಗಳ ಮಧ್ಯಂತರ ಆದೇಶದಲ್ಲಿ ಹೇಳಿದ ಸೆಬಿ, ಅವರು ತಪ್ಪಿಸಿಕೊಂಡ ನಷ್ಟವೆಂದು 19.78 ಕೋಟಿ ರೂಪಾಯಿ ಮುಟ್ಟುಗೋಲಿಗೆ ಆದೇಶಿಸಿತು. ಇದು ಮಧ್ಯಂತರ ಆದೇಶ, ಅಂತಿಮ ತೀರ್ಪಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಕಾನೂನಿನ ನೋಟ ಎತ್ತ ಇದೆ ಎಂಬುದು ಸ್ಪಷ್ಟ.

ಇಷ್ಟೆಲ್ಲ ನಿಯಮವಿದ್ದೂ ಸಿಕ್ಕಿಬೀಳುವವರು ಕಡಿಮೆ ಏಕೆ? ಪಿಸುಮಾತಿಗೆ ರಸೀದಿ ಇರುವುದಿಲ್ಲ. 2017ರಲ್ಲಿ ಹತ್ತಾರು ಕಂಪನಿಗಳ ಫಲಿತಾಂಶದ ಅಂಕಿಗಳು ಪ್ರಕಟಣೆಗೆ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದು ಬಯಲಾಯಿತು. ಬೆಂಗಳೂರಿನ ವಿಪ್ರೊ, ಮೈಂಡ್‌ಟ್ರೀ ಕೂಡ ಆ ಪಟ್ಟಿಯಲ್ಲಿದ್ದವು. ಸಂದೇಶ ಕಳಿಸಿದವರಿಗೆ ಸೆಬಿ ದಂಡ ಹಾಕಿತು. ಆದರೆ 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದುಮಾಡಿತು, ಮರುವರ್ಷ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ದಿನಕ್ಕೆ ನೂರಾರು ವದಂತಿಗಳು ಓಡಾಡುವ ಗುಂಪುಗಳಲ್ಲಿ ಒಂದು ಸಂದೇಶದ ಅಂಕಿ ನಿಜವಾದ ಅಂಕಿಗೆ ಹೊಂದಿದ ಮಾತ್ರಕ್ಕೆ, ಕಳಿಸಿದವರಿಗೆ ಅದು ಕಂಪನಿಯ ಗುಟ್ಟೆಂದು ತಿಳಿದಿತ್ತು ಎನ್ನಲಾಗದು, ಆ ಸಂದೇಶ ಎಲ್ಲಿಂದ ಸೋರಿತು ಎಂಬುದನ್ನು ಸೆಬಿ ತೋರಿಸಿಲ್ಲ ಎಂಬುದು ಕಾರಣ. 2022ರ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಬಂಧಿಕರು ಎಂಬ ಒಂದೇ ಕಾರಣಕ್ಕೆ ಗುಟ್ಟು ಹಂಚಿಕೊಂಡರೆಂದು ಊಹಿಸುವಂತಿಲ್ಲ ಎಂದಿತು. ಸಂಬಂಧಿಕರ ವ್ಯಾಖ್ಯೆ ಹಿಗ್ಗಿದ್ದು ಇದಾದ ಮೇಲೆ ಎಂಬುದನ್ನು ಗಮನಿಸಿ. ಅಮೆರಿಕದ ತನಿಖಾಧಿಕಾರಿಗಳಿಗೆ ಈ ವಿಷಯದಲ್ಲಿ ಕೈ ಉದ್ದ. ಗೋಲ್ಡ್‌ಮನ್ ಸ್ಯಾಕ್ಸ್‌ನ ನಿರ್ದೇಶಕರಾಗಿದ್ದ ರಜತ್ ಗುಪ್ತಾ, 2008ರ ಸೆಪ್ಟೆಂಬರಿನಲ್ಲಿ ವಾರನ್ ಬಫೆಟ್ ಆ ಸಂಸ್ಥೆಯಲ್ಲಿ 500 ಕೋಟಿ ಡಾಲರ್ ಹೂಡುವ ನಿರ್ಧಾರದ ಸಭೆ ಮುಗಿದ ತಕ್ಷಣ ಹೆಡ್ಜ್ ಫಂಡ್ ಒಡೆಯ ರಾಜ್ ರಾಜರತ್ನಂಗೆ ಫೋನ್ ಮಾಡಿದ್ದು, ಅಂದಿನ ಪೇಟೆ ಮುಚ್ಚುವ ಮೊದಲೇ ಅಲ್ಲಿಂದ ಖರೀದಿ ನಡೆದದ್ದು ಸಾಬೀತಾಗಿ ಗುಪ್ತಾ ಎರಡು ವರ್ಷದ ಸಜೆಗೆ ಗುರಿಯಾದರು. ರಾಜರತ್ನಂ ಪ್ರಕರಣದಲ್ಲಿ ಕದ್ದಾಲಿಸಿದ ಫೋನ್ ಮಾತುಗಳೇ ಸಾಕ್ಷಿಯಾದವು. ನಮ್ಮ ಸೆಬಿ ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರೆಂಬ ವಿವರ ತರಿಸಿಕೊಳ್ಳಬಹುದು. ಮಾತು ಕದ್ದಾಲಿಸುವ ಅಧಿಕಾರ ಅದಕ್ಕಿಲ್ಲ.

ಈಗ ಬಲೆಯ ಕಡೆಗೆ. ನಾನು ಷೇರುಪೇಟೆಯ ಬಗ್ಗೆ ಬರೆಯತೊಡಗಿದ ಕಾಲಕ್ಕೆ ಟಿಪ್ಸ್ ಎಂದರೆ ಬ್ರೋಕರ್ ಆಫೀಸಿನ ಬೆಂಚಿನ ಮೇಲೆ ಕೂತವರ ಪಿಸುಮಾತು. ಸುಳ್ಳಾದರೆ ಮುಳುಗುತ್ತಿದ್ದದ್ದು ಹತ್ತು–ಹದಿನೈದು ಜನ. ಈಗ ಹತ್ತಾರು ಸಾವಿರ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆಗಳಿದ್ದವು, 2025ರ ಹೊತ್ತಿಗೆ 19 ಕೋಟಿ ದಾಟಿದವು. ಕೋವಿಡ್ ಕಾಲದಲ್ಲಿ ಮೊಬೈಲಿನಲ್ಲೇ ಖಾತೆ ತೆರೆದು ಪೇಟೆಗೆ ಇಳಿದ ಈ ಹೊಸ ಜನವೇ, ಷೇರಿನ ಬೆಲೆಯನ್ನು ಕೃತಕವಾಗಿ ಏರಿಸಿ ಮಾರಿಕೊಳ್ಳುವ ಆಪರೇಟರುಗಳಿಗೆ ಸಿಕ್ಕ ಹೊಸ ಗಿರಾಕಿ.

ಈ ಬಲೆಯ ಕೆಲಸ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಲು ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದ ಆದೇಶ ಓದಬೇಕು. ಇದು ದಿಲ್ಲಿಯ ಒಂದು ಸಣ್ಣ ಟಿವಿ ಕಂಪನಿ. 2022ರ ಏಪ್ರಿಲ್‌ನಿಂದ ಇದರ ಷೇರು ಕೆಲವೇ ಖಾತೆಗಳ ನಡುವೆ ಕೈಬದಲಾಗುತ್ತ ಬೆಲೆ ಏರತೊಡಗಿತು. ಜುಲೈ ಮಧ್ಯದಲ್ಲಿ ‘ದಿ ಅಡ್ವೈಸರ್’, ‘ಮನಿವೈಸ್’ ಎಂಬ ಯೂಟ್ಯೂಬ್ ಚಾನೆಲ್‌ಗಳಲ್ಲಿ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ಅಮೆರಿಕದ ದೊಡ್ಡ ಕಂಪನಿಯೊಂದು ಭಕ್ತಿಪ್ರಧಾನ ಚಿತ್ರಗಳಿಗಾಗಿ 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂದೆಲ್ಲ ಅದರಲ್ಲಿ ಹೇಳಲಾಗಿತ್ತು. ಒಂದಕ್ಕೂ ಆಧಾರವಿರಲಿಲ್ಲ. ಈ ವಿಡಿಯೊಗಳು ತಾವಾಗಿ ಜನಪ್ರಿಯವಾದವಲ್ಲ. ಕೋಟಿಗಟ್ಟಲೆ ರೂಪಾಯಿಯ ಜಾಹೀರಾತು ಸುರಿದು ಅವುಗಳನ್ನು ಜನರ ಮೊಬೈಲಿಗೆ ತಲುಪಿಸಲಾಯಿತು. ಕಂಪನಿಯ ಸಣ್ಣ ಷೇರುದಾರರ ಸಂಖ್ಯೆ ಕೆಲವೇ ತಿಂಗಳಲ್ಲಿ 2,167ರಿಂದ 55,343ಕ್ಕೆ ಏರಿತು. ಅವರೆಲ್ಲ ನೂಕುನುಗ್ಗಲಿನಲ್ಲಿ ಕೊಳ್ಳುತ್ತಿದ್ದಾಗ ಮಾರುತ್ತಿದ್ದವರು ಯಾರು? ಪ್ರವರ್ತಕರು, ಆಡಳಿತದವರು, ಮೊದಲೇ ಷೇರು ಗುಡ್ಡೆ ಹಾಕಿಕೊಂಡಿದ್ದವರು.

ಸೆಬಿ 2003ರ ವಂಚನೆ ತಡೆ ನಿಯಮಾವಳಿಯಡಿ ಇದರ ಮೇಲೆ ಮುಗಿಬಿದ್ದು, 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ 59 ಜನ ಮತ್ತು ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡು, 58 ಕೋಟಿ ರೂಪಾಯಿಯ ಅಕ್ರಮ ಲಾಭವನ್ನು ಬಡ್ಡಿ ಸಮೇತ ಕಕ್ಕುವಂತೆ ಹೇಳಿತು. ಇಲ್ಲಿ ನೀವು ಗಮನಿಸಬೇಕಾದದ್ದು ವಿಡಿಯೊದ ಧಾಟಿ. ಅದು ಜಾಹೀರಾತಿನ ಹಾಗೆ ಮಾತಾಡಲಿಲ್ಲ, ಒಳಸುದ್ದಿಯ ಹಾಗೆ ಮಾತಾಡಿತು: ಇನ್ನೂ ಘೋಷಣೆಯಾಗಿಲ್ಲ, ನಿಮಗೆ ಮಾತ್ರ ಮೊದಲೇ ಹೇಳುತ್ತಿದ್ದೇವೆ ಎಂಬ ಧಾಟಿ. ಒಳಸುದ್ದಿ ಸಿಕ್ಕರೆ ನಾವೂ ಗೆಲ್ಲುತ್ತೇವೆಂಬ ನಮ್ಮ ಆಸೆಯೇ ಆಪರೇಟರನ ಬಂಡವಾಳ.

ಒಂದು ಸಣ್ಣ ತರ್ಕ ನಿಮ್ಮನ್ನು ಇದರಿಂದ ಕಾಪಾಡುತ್ತದೆ. ನಿಜವಾದ ಒಳಸುದ್ದಿಗೆ ಬೆಲೆ ಇರುವುದು ಅದು ಎಷ್ಟು ಕಡಿಮೆ ಜನಕ್ಕೆ ಗೊತ್ತಿದೆ ಎಂಬುದರ ಮೇಲೆ. ನಲವತ್ತು ಸಾವಿರ ಸದಸ್ಯರಿರುವ ಟೆಲಿಗ್ರಾಂ ಗುಂಪಿಗೆ ಅದನ್ನು ಪುಕ್ಕಟೆ ಹಾಕುವ ಧರ್ಮಾತ್ಮ ಎಲ್ಲಿದ್ದಾನೆ? ಎರಡು ಸಲ ನಿಜವಾಯಿತಲ್ಲ ಎಂದರೆ, ಅದೂ ಅಚ್ಚರಿಯಲ್ಲ. ಸಣ್ಣ ಕಂಪನಿಯ ಷೇರಿಗೆ ಕೊಳ್ಳುವವರೂ ಮಾರುವವರೂ ಕಡಿಮೆ. ಒಂದು ಗುಂಪು ಒಟ್ಟಿಗೆ ಕೊಂಡರೆ ಸಾಕು, ನಾಲ್ಕು ದಿನ ಅಪ್ಪರ್ ಸರ್ಕಿಟ್, ಅಂದರೆ ಒಂದು ದಿನದ ಏರಿಕೆಯ ಮಿತಿ, ಹೊಡೆಯುತ್ತದೆ. ಅದರಲ್ಲಿ ಸುದ್ದಿ ನಿಜವಾದದ್ದಲ್ಲ, ನಿಮ್ಮದೇ ಖರೀದಿಯಿಂದ ಬೆಲೆ ಏರಿದ್ದು. ಕೊನೆಗೆ ಲೋವರ್ ಸರ್ಕಿಟ್ ಶುರುವಾದಾಗ ಕೊಳ್ಳುವವರೇ ಇರುವುದಿಲ್ಲ, ಮಾರಲು ಕೂತವನು ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆಯನ್ನು ನೋಡುತ್ತ ಕೂರಬೇಕು. ಗುಂಪಿನ ಅಡ್ಮಿನ್ ಅಷ್ಟೊತ್ತಿಗೆ ಬೇರೆ ಹೆಸರಿನಲ್ಲಿ ಬೇರೆ ಗುಂಪು ತೆರೆದಿರುತ್ತಾನೆ.

ಇನ್ನು ದೊಡ್ಡ ಕುಳಗಳ ಪ್ರಶ್ನೆ. ದೊಡ್ಡವರನ್ನು ಮುಟ್ಟುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಅಮೆರಿಕದ ಜೇನ್ ಸ್ಟ್ರೀಟ್ ಎಂಬ ದೈತ್ಯ ಟ್ರೇಡಿಂಗ್ ಸಂಸ್ಥೆಯ ವಿರುದ್ಧ ಸೆಬಿ 2025ರ ಜುಲೈನಲ್ಲಿ ಮಧ್ಯಂತರ ಆದೇಶ ಹೊರಡಿಸಿ, 4,843 ಕೋಟಿ ರೂಪಾಯಿಯನ್ನು ತಡೆಹಿಡಿಯಿತು. ಆದೇಶದಲ್ಲಿ 2024ರ ಜನವರಿ 17ರ ವಿವರಣೆ ಇದೆ. ಆ ಬೆಳಿಗ್ಗೆ ಸಂಸ್ಥೆ ಬ್ಯಾಂಕ್ ನಿಫ್ಟಿಯ ಷೇರು ಮತ್ತು ಫ್ಯೂಚರ್ಸ್‌ಗಳನ್ನು ಸುಮಾರು 4,370 ಕೋಟಿ ರೂಪಾಯಿಗೆ ಕೊಂಡು ಸೂಚ್ಯಂಕವನ್ನು ಎತ್ತಿ ನಿಲ್ಲಿಸಿತು. ಅದೇ ಹೊತ್ತಿನಲ್ಲಿ, ಸೂಚ್ಯಂಕ ಬಿದ್ದರೆ ಲಾಭ ಬರುವ ಹಾಗೆ ಆಪ್ಷನ್ಸ್‌ನಲ್ಲಿ ಅದರ ಹಲವು ಪಟ್ಟು ದೊಡ್ಡ ಬಾಜಿ ಕಟ್ಟಿತು. ಮಧ್ಯಾಹ್ನ ಬೆಳಿಗ್ಗೆ ಕೊಂಡದ್ದನ್ನೆಲ್ಲ ಮಾರಿತು. ಷೇರಿನಲ್ಲಿ 61 ಕೋಟಿ ಕಳೆದುಕೊಂಡು ಆಪ್ಷನ್ಸ್‌ನಲ್ಲಿ ಸುಮಾರು 735 ಕೋಟಿ ಗಳಿಸಿತು ಎಂಬುದು ಸೆಬಿಯ ಲೆಕ್ಕ. ಇದು ಮಾಮೂಲಿ ಆರ್ಬಿಟ್ರಾಜ್ ಅಷ್ಟೇ ಎನ್ನುವ ಜೇನ್ ಸ್ಟ್ರೀಟ್, ಹಣ ಠೇವಣಿ ಇಟ್ಟು ಮೇಲ್ಮನವಿ ನ್ಯಾಯಮಂಡಳಿಯ ಮೆಟ್ಟಿಲೇರಿತು. ತೀರ್ಪು ಏನೇ ಬರಲಿ, ಆಪ್ಷನ್ಸ್ ಆಡುವ ನಮ್ಮ ಹುಡುಗರಿಗೆ ಇದರಲ್ಲಿ ಪಾಠವಿದೆ. ಎದುರಿಗೆ ಕೂತವನು ಯಾರು, ಅವನ ಕೈ ಎಷ್ಟು ದೊಡ್ಡದು ಎಂದು ಗೊತ್ತಿಲ್ಲದ ಆಟ ಅದು.

ಕಾನೂನಿನ ಬಗ್ಗೆ ನನ್ನ ತಕರಾರು ಅದು ಸಾಲದು ಎಂಬುದಲ್ಲ, ತಡವಾಗುತ್ತದೆ ಎಂಬುದು. ಸಾಧನಾ ಷೇರಿನ ಆಟ ನಡೆದದ್ದು 2022ರಲ್ಲಿ, ಅಂತಿಮ ಆದೇಶ ಬಂದದ್ದು 2025ರಲ್ಲಿ. ಮೂರು ವರ್ಷದಲ್ಲಿ ಸಣ್ಣ ಹೂಡಿಕೆದಾರ ನಷ್ಟಕ್ಕೆ ಮಾರಿ, ಪೇಟೆಗೆ ಕೈಮುಗಿದು ಮನೆಗೆ ಹೋಗಿರುತ್ತಾನೆ. ಕಕ್ಕಿಸಿದ ಹಣ ಸಾಮಾನ್ಯವಾಗಿ ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೆ ಸೇರುತ್ತದೆ. ಅದರಿಂದ ನಷ್ಟಹೊಂದಿದವರಿಗೆ ಹಂಚಲು ಅವಕಾಶವಿದ್ದರೂ ಹಾಗೆ ಹಂಚಿದ್ದು ಬಹಳ ಅಪರೂಪ. ಇಂಗ್ಲಿಷಿನ ನೂರಾರು ಪುಟಗಳ ಆದೇಶವನ್ನು ಗದಗದ ಹೂಡಿಕೆದಾರ ಓದುವುದಿಲ್ಲ. ಬಲೆ ಹಾಕುವವರು ಮಾತ್ರ ಚೆಂದದ ಕನ್ನಡದಲ್ಲೇ ವಿಡಿಯೊ ಮಾಡುತ್ತಾರೆ. ಪ್ರತಿ ದೊಡ್ಡ ಆದೇಶದ ಸಾರವನ್ನು ಒಂದು ಪುಟದಲ್ಲಿ, ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳಲ್ಲಿ, ಆದೇಶ ಬಂದ ದಿನವೇ ಹೊರಡಿಸುವುದು ಸೆಬಿಗೆ ಕಷ್ಟದ ಕೆಲಸವಲ್ಲ. ಕಂಪನಿಗಳೂ ತಮ್ಮ ನೌಕರರಿಗೆ ಕಳಿಸುವ ನೀತಿಸಂಹಿತೆಯನ್ನು ವಕೀಲರ ಭಾಷೆಯಿಂದ ಬಿಡಿಸಿ, ಮನೆಯವರಿಗೂ ಅರ್ಥವಾಗುವ ಹಾಗೆ ಎರಡು ಪುಟದಲ್ಲಿ ಬರೆಯಲಿ. ನಿಯಮ ಮುರಿಯುವವರಲ್ಲಿ ಕಳ್ಳರಿದ್ದಾರೆ, ನಿಜ. ಆದರೆ ನಿಯಮವೇ ಗೊತ್ತಿಲ್ಲದೆ, ಅಭಿಮಾನಕ್ಕೋ ಸಲುಗೆಗೋ ಬಾಯಿಬಿಡುವವರೂ ಕಡಿಮೆಯಿಲ್ಲ.

ಓದುಗರು ಮಾಡಬೇಕಾದದ್ದು ಸರಳ. ಕಂಪನಿಯಲ್ಲಿರುವ ಮಗ, ಸೊಸೆ, ಅಳಿಯನನ್ನು ಆಫೀಸಿನ ಲೆಕ್ಕದ ಬಗ್ಗೆ ಕೇಳಬೇಡಿ. ಅವರಾಗಿ ಹೇಳಿದರೂ ಆ ಕಂಪನಿಯ ಷೇರಿಗೆ ಕೈ ಹಾಕಬೇಡಿ. ಕಂಪನಿಯ ಯಾವುದೇ ದೊಡ್ಡ ಸುದ್ದಿ ನಿಜವೋ ಎಂದು ತಿಳಿಯಲು ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಆ ಕಂಪನಿಯ ಪ್ರಕಟಣೆಗಳನ್ನು ನೋಡಿ, ಅದಕ್ಕೆ ಬೇಕಾಗುವುದು ಎರಡು ನಿಮಿಷ. ಅಲ್ಲಿಲ್ಲದ ಸುದ್ದಿ ನಿಮ್ಮ ಮೊಬೈಲಿನಲ್ಲಿದ್ದರೆ ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಏಕೆಂದರೆ ಅದು ನಿಜವೇ ಆಗಿದ್ದಲ್ಲಿ ಹಂಚಿದ ತಪ್ಪು ನಿಮ್ಮ ತಲೆಗೂ ಬರಬಹುದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೆಬಿಗೆ ದೂರು ಕೊಡಿ. 1800 266 7575 ಉಚಿತ ಸಹಾಯವಾಣಿ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇನ್‌ಸೈಡರ್ ಟ್ರೇಡಿಂಗ್ ಬಗ್ಗೆ ಖಚಿತ ಮಾಹಿತಿ ಕೊಟ್ಟು, ಅದರಿಂದ ಹಣ ವಸೂಲಾದರೆ ಅದರ ಶೇ 10ರಷ್ಟು, ಗರಿಷ್ಠ 10 ಕೋಟಿ ರೂಪಾಯಿಯವರೆಗೆ ಬಹುಮಾನ ಕೊಡುವ ಯೋಜನೆಯೂ ಸೆಬಿಯಲ್ಲಿದೆ. ಒಳಸುದ್ದಿಯಿಂದ ಕಾನೂನುಬದ್ಧವಾಗಿ ದುಡ್ಡು ಮಾಡಲು ಈ ದೇಶದಲ್ಲಿ ಇರುವುದು ಇದೊಂದೇ ದಾರಿ.